ಮನೆವಾರ್ತೆ: ಚಕ್ರದ ಮನೆಯ ಸೋರಿಕೆ



ಯುಗಾದಿಯ ಸಂಚಿಕೆಯಲ್ಲಿ ಮಳೆಯ ಮಾತೇಕೆ ಎಂದು ತಾವು ಕೇಳಬಹುದು. ಹೊರಗೆ ಬಿಸಿಲು ಕಾಯುತ್ತಿದೆ. ಮನೆಯೊಳಗೆ ಪಂಖ ಎಷ್ಟು ತಿರುಗಿದರೂ ಸಾಲದು. ಆದರೆ ಸೋರುವುದನ್ನು ಸರಿಪಡಿಸುವ ಕಾಲ ಮಳೆಗಾಲವಲ್ಲ, ಬೇಸಗೆ. ಇದು ನಮ್ಮ ಊರಿನ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು. ಮೃಗಶಿರ ಮಳೆ ಹಿಡಿಯುವುದು ಜೂನ್ ಮೊದಲ ವಾರ ಕಳೆಯುತ್ತಿದ್ದಂತೆ. ಅದಕ್ಕೆ ತಿಂಗಳು ಮೊದಲೇ ನನ್ನ ಅಜ್ಜ ಏಣಿ ಇಟ್ಟು ಮಾಡಿಗೆ ಜನ ಹತ್ತಿಸುತ್ತಿದ್ದರು. ಒಡೆದ ಹೆಂಚು ತೆಗೆದು ಹೊಸದಿಡುವುದು, ಸರಿದದ್ದನ್ನು ಕೂರಿಸುವುದು, ದೋಣಿಯಲ್ಲಿ ತುಂಬಿದ ತರಗೆಲೆ ತೆಗೆಯುವುದು, ಇಷ್ಟೇ ಕೆಲಸ. ಅದಕ್ಕೆ ‘ಹೆಂಚು ಕೈಯಾಡಿಸುವುದು’ ಎಂದು ಹೆಸರು. ಮುಂಬಯಿ, ಪುಣೆಗಳ ಫ್ಲಾಟು ಸೇರಿದ ನಮಗೆ ಹೆಂಚೂ ಇಲ್ಲ, ಏಣಿಯೂ ಇಲ್ಲ. ಆದರೂ ನಮ್ಮ ಮನೆಯಲ್ಲಿ ಮಾತ್ರ ಆ ಕೆಲಸ ಬೇರೊಂದು ರೂಪದಲ್ಲಿ ಮರಳಿ ಬಂದಿದೆ. ಹೇಗೆಂಬುದೇ ಈ ಸಲದ ಮನೆವಾರ್ತೆ.

ನಮ್ಮಲ್ಲಿ ಒಂದು ಕ್ಯಾರವಾನ್ ಇದೆ. ಹೆಸರು ಕೇಳಿ ಸಿರಿವಂತರ ಸೊತ್ತೆಂದು ಭಾವಿಸಬೇಡಿ. ಪುಣೆಯಲ್ಲಿರುವ ನನ್ನ ತಂಗಿಯ ಗಂಡ, ಅಂದರೆ ಭಾವನವರು, ಮತ್ತು ನಾನು ಸೇರಿ ಆರು ವರ್ಷದ ಹಿಂದೆ ಕೊಂಡ ಹಳೆಯ ವ್ಯಾನು ಅದು. ಒಳಗೆ ಮಲಗಲು ನಾಲ್ಕು ಹಾಸಿಗೆ, ಕೈ ತೊಳೆಯುವ ತೊಟ್ಟಿ, ಚಾವಣಿಯಲ್ಲಿ ಗಾಳಿಗೆ ತೆರೆಯುವ ಒಂದು ಕಿಂಡಿ, ಮೇಲೆ ಸಾಮಾನಿನ ಕ್ಯಾರಿಯರು, ಇವಿಷ್ಟೇ ಅದರ ವೈಭವ. ಕೊಳ್ಳುವಾಗಲೇ ಅದು ಕ್ಯಾರವಾನ್ ಎಂದು ನೋಂದಣಿಯಾಗಿತ್ತು. ಇದನ್ನು ಹೇಳಲು ಕಾರಣವಿದೆ. ಸಾಧಾರಣ ವ್ಯಾನು ಕೊಂಡು ಸೀಟು ಕಿತ್ತು ಮಂಚ ಹಾಕಿಸುವೆನೆಂದು ಹೊರಡುವವರು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು ಮೊದಲು ನೋಡಬೇಕು. ಮಾಲೀಕನು ಮನಸ್ಸಿಗೆ ಬಂದಂತೆ ವಾಹನದ ರೂಪ ಬದಲಾಯಿಸುವಂತಿಲ್ಲ.

ಮಕ್ಕಳು ಅದಕ್ಕೆ ‘ಚಕ್ರದ ಮನೆ’ ಎಂದು ಹೆಸರಿಟ್ಟರು. ಅಮ್ಮನಿಗೆ ಎಂಬತ್ತೆರಡು. ರೈಲಿನ ಮೆಟ್ಟಿಲು ಹತ್ತಲಾರರು, ಬಸ್ಸಿನಲ್ಲಿ ಕಾಲು ಮಡಚಿ ಕೂರಲಾರರು. ಚೌತಿಗೆ ಊರಿಗೆ ಹೋಗಬೇಕೆಂಬ ಅವರ ಆಸೆ ನಡೆಯುವುದು ಈ ಗಾಡಿಯಿಂದಲೇ. ಮುಂಬಯಿಯಿಂದ ಉಡುಪಿಗೆ ರಸ್ತೆಯಲ್ಲಿ ಸುಮಾರು 900 ಕಿಲೋಮೀಟರು. ಮಲಗಿಕೊಂಡು ಹೋದರೆ ಅವರಿಗೆ ಅದು ದೂರವೆನಿಸುವುದಿಲ್ಲ.

ಮೂರು ವರ್ಷದ ಹಿಂದಿನ ಚೌತಿ. ಚಿಪ್ಳೂಣ ದಾಟಿ ರಾತ್ರಿ ಒಂದು ಪೆಟ್ರೋಲ್ ಬಂಕಿನ ಅಂಗಳದಲ್ಲಿ ಗಾಡಿ ನಿಲ್ಲಿಸಿ ಮಲಗಿದ್ದೆವು. ಕೊಂಕಣದ ಮಳೆ ತಮಗೆ ಗೊತ್ತೇ ಇದೆ. ಎರಡು ಗಂಟೆಯ ಹೊತ್ತಿಗೆ ಅಮ್ಮ ಎದ್ದು ಕುಳಿತು, “ಮಗಾ, ದಿಂಬು ಒದ್ದೆಯಾಯಿತಲ್ಲ!” ಎಂದರು. ಟಾರ್ಚು ಹಾಕಿ ನೋಡಿದರೆ ಅವರ ತಲೆಯ ಮೇಲೆ ಸರಿಯಾಗಿ ತೊಟ್ಟು ತೊಟ್ಟಾಗಿ ನೀರು ಬೀಳುತ್ತಿದೆ. ಒಂದು ಲೋಟ ಇಟ್ಟು ಬೆಳಗು ಮಾಡಿದೆವು. ಮೊಮ್ಮಗಳಿಗೆ ಮಾತ್ರ ಅದು ಸಂಗೀತವಾಯಿತು.

ಮುಂಬಯಿಗೆ ಮರಳಿದ ಮೇಲೆ ನಾನು ಮಾಡಿದ ಕೆಲಸವನ್ನು ನಾಚಿಕೆ ಬಿಟ್ಟು ಹೇಳುತ್ತೇನೆ. ಹಾರ್ಡ್‌ವೇರ್ ಅಂಗಡಿಯಿಂದ ಬಚ್ಚಲುಮನೆಗೆ ಬಳಸುವ ಸಿಲಿಕೋನಿನ ಐದಾರು ಟ್ಯೂಬು ತಂದೆ. ಚಾವಣಿಯ ಅಂಚಿಗೆ, ಕಿಂಡಿಯ ಸುತ್ತ, ಕ್ಯಾರಿಯರಿನ ಬೋಲ್ಟಿಗೆ, ಕಿಟಕಿಗಳಿಗೆ, ಎಲ್ಲಿ ಸಂದು ಕಂಡಿತೋ ಅಲ್ಲಿಗೆಲ್ಲ ಮೆತ್ತಿದೆ. ಜಾರುವ ಕಿಟಕಿಯ ಕೆಳಗಿನ ಚೌಕಟ್ಟಿನಲ್ಲಿ ಎರಡು ಸಣ್ಣ ತೂತು ಇದ್ದುವು. ‘ಆಹಾ, ಕಳ್ಳ ಸಿಕ್ಕ’ ಎಂದು ಅವನ್ನೂ ಮುಚ್ಚಿದೆ. ಮುಂದಿನ ಮಳೆಗಾಲದಲ್ಲಿ ಒಂದು ತೊಟ್ಟೂ ಬೀಳಲಿಲ್ಲ. ಸಂಘದ ವಾರ್ಷಿಕೋತ್ಸವದಲ್ಲಿ ನಾಲ್ಕು ಜನರ ಮುಂದೆ ಜಂಭವನ್ನೂ ಕೊಚ್ಚಿದೆ.

ಎರಡು ಮಳೆಗಾಲ ಹೀಗೆ ಕಳೆದುವು. ಕಳೆದ ದೀಪಾವಳಿಗೆ ಗಾಡಿ ಗುಡಿಸಲು ಹೋದ ನನ್ನಾಕೆ, “ಒಳಗೆ ಮುಗ್ಗಲು ವಾಸನೆ ಬರುತ್ತದೆ. ಒಮ್ಮೆ ಮ್ಯಾಟು ಎತ್ತಿ ನೋಡಿ” ಎಂದಳು. ಎತ್ತಿದರೆ ಅಡಿಯ ಹಾಸು ಹಿಂಡಿದರೆ ನೀರು ಬರುವಷ್ಟು ಒದ್ದೆ. ಅದರಡಿಯ ತಗಡು ಕೆಂಪಗೆ ಹುಡಿಯಾಗಿದೆ. ಊರಿನಲ್ಲಿ ನಾವು ಟಿಂಕರ್ ಎನ್ನುವವರನ್ನು ಇಲ್ಲಿ ಡೆಂಟರ್ ಎನ್ನುತ್ತಾರೆ. ಅವರು ಬಂದು ಸ್ಕ್ರೂ ಡ್ರೈವರಿನಿಂದ ಒತ್ತಿದರು. ಅದು ಹಪ್ಪಳಕ್ಕೆ ಇಳಿದಂತೆ ಕೆಳಗಿಳಿಯಿತು. ಒತ್ತಿದ ಜಾಗ ಯಾವುದು ಗೊತ್ತೆ? ಹಿಂದಿನ ಸೀಟಿನ ಬೆಲ್ಟು ನೆಲಕ್ಕೆ ಬಿಗಿದಿರುವ ಬೋಲ್ಟಿನ ಬುಡ.

“ಇಲ್ಲಿ ಯಾರು ಕೂರುತ್ತಾರೆ?” ಎಂದು ಅವರು ಕೇಳಿದರು.

ನಾನು ಉತ್ತರ ಹೇಳಲಿಲ್ಲ. ಅಲ್ಲಿ ಕೂರುವುದು ನನ್ನ ಮೊಮ್ಮಗಳು. ಆರು ವರ್ಷದ ಮಗು. ಬೆಲ್ಟು ಹಾಕಿಕೊಳ್ಳಲು ದಿನವೂ ಅವಳಿಗೆ ಪಾಠ ಹೇಳುತ್ತಿದ್ದವನು ನಾನೇ. ಎಲ್ಲಾದರೂ ಜೋರಾಗಿ ಬ್ರೇಕು ಹಾಕಿದ್ದರೆ ಆ ಬೆಲ್ಟು ಬೋಲ್ಟಿನ ಸಮೇತ ಕಿತ್ತು ಬರುತ್ತಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನ ಅಮ್ಮ ಎಲ್ಲವನ್ನೂ ಕೇಳಿ ತಿಳಿದುಕೊಂಡು ಒಂದು ಪ್ರಶ್ನೆ ಹಾಕಿದರು.

“ಅಲ್ಲ ಮಗಾ, ಊರಿನ ಮಾಡಿಗೆ ನಿನ್ನ ಅಜ್ಜ ಎಂಥ ಅಂಟು ಹಚ್ಚಿದ್ದರು?”

“ಎಂಥ ಅಂಟೂ ಇಲ್ಲವಲ್ಲ ಅಮ್ಮ.”

“ಮತ್ತೆ ಅಷ್ಟು ಮಳೆಗೆ ಸೋರದೆ ಹೇಗೆ ನಿಂತಿತು? ನೀರು ಹೋಗುವ ದಾರಿಗೆ ಅವರು ಯಾರೂ ಮಣ್ಣು ಮೆತ್ತಲಿಲ್ಲ, ಅದಕ್ಕೆ.”

ನಾನು ಓದಿದ ಪುಸ್ತಕಗಳಿಗಿಂತ ಈ ಮಾತು ನನಗೆ ಹೆಚ್ಚು ಕಲಿಸಿತು. ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಎಂಬವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಮಂಗಳೂರು ಹೆಂಚನ್ನು ತಾವು ನೋಡಿಯೇ ಇದ್ದೀರಿ. ಮೇಲಿನ ಹೆಂಚಿನ ತುದಿ ಕೆಳಗಿನದರ ತಲೆಯನ್ನು ಮುಚ್ಚುತ್ತದೆ. ಪಕ್ಕದಲ್ಲಿ ಒಂದರ ಏಣು ಇನ್ನೊಂದರ ಗಾಡಿಯಲ್ಲಿ ಕೂರುತ್ತದೆ. ಮಾಡಿಗೆ ಇಳಿಜಾರು ಇದೆ. ಅಂಟು ಇಲ್ಲ, ಮೊಳೆಯೂ ಹೆಚ್ಚಿಲ್ಲ. ಬಂದ ನೀರನ್ನು ಮುಂದಕ್ಕೆ ಸಾಗಿಸುವ ಉಪಾಯ ಮಾತ್ರ ಇದೆ. ಗಾಡಿಯನ್ನು ಮಾಡಿದವರೂ ಇದೇ ಉಪಾಯ ಮಾಡಿರುತ್ತಾರೆ. ಕಿಟಕಿಯ ಚೌಕಟ್ಟಿಗೆ ನೀರು ಬಂದೇ ಬರುತ್ತದೆಂದು ತಿಳಿದು ಅದು ಹೊರಗೆ ಹೋಗಲು ತೂತು ಇಟ್ಟಿದ್ದರು. ನಾನು ಅದನ್ನು ಮುಚ್ಚಿದೆ. ಚೌಕಟ್ಟು ತುಂಬಿದ ನೀರು ಒಳಕ್ಕೆ ತುಳುಕಿ, ಗೋಡೆಯ ತಗಡಿನ ನಡುವೆ ಇಳಿದು, ಕಣ್ಣಿಗೆ ಕಾಣದಂತೆ ಮ್ಯಾಟಿನಡಿ ಸೇರಿತು. ದಿಂಬಿಗೆ ಬೀಳುವ ನೀರು ಎಚ್ಚರಿಸುತ್ತದೆ. ಮ್ಯಾಟಿನಡಿ ಸೇರುವ ನೀರು ಎಚ್ಚರಿಸುವುದಿಲ್ಲ.

ಚಕ್ರದ ಮನೆ ಎಲ್ಲರಲ್ಲೂ ಇರಲಾರದು. ಆದರೆ ವ್ಯಾನೋ ಕಾರೋ ಅನೇಕರಲ್ಲಿದೆ. ನಾವು ಪೆಟ್ಟು ತಿಂದು ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು, ನೀರು ಒಳಬರುವ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು. ಅಮ್ಮನ ದಿಂಬಿನ ಮೇಲೆ ಬಿದ್ದ ನೀರು ಒಳಬಂದದ್ದು ಅಲ್ಲಿಂದ ನಾಲ್ಕೈದು ಅಡಿ ಆಚೆ, ಕ್ಯಾರಿಯರಿನ ಒಂದು ಬೋಲ್ಟಿನಿಂದ. ಅದರ ರಬ್ಬರು ವಾಷರು ಬಿಸಿಲಿಗೆ ಒಣಗಿ ಸೀಳಿತ್ತು. ನೀರು ಚಾವಣಿಯ ಒಳಗಿನ ಅಡ್ಡಪಟ್ಟಿ ಹಿಡಿದು ನಡೆದು ಬಂದು ತಗ್ಗಿದ್ದಲ್ಲಿ ಇಳಿಯುತ್ತಿತ್ತು. ಒಂದು ವಾಷರು ಬದಲಿಸಿದ್ದರೆ ಮುಗಿಯುವ ಕೆಲಸಕ್ಕೆ ನಾನು ಐದಾರು ಟ್ಯೂಬು ಸುರಿದಿದ್ದೆ!

ಹುಡುಕುವ ಬಗೆ ಹೀಗೆ. ಬಿಸಿಲಿರುವ ದಿನ ಗಾಡಿಯ ಒಳಗನ್ನು ಒಣಬಟ್ಟೆಯಲ್ಲಿ ಒರಸಿ. ಸಂದೇಹವಿರುವ ಸಂದುಗಳ ಕೆಳಗೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ. ಒಬ್ಬರು ಟಾರ್ಚು ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ತೋಟದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಲಿ. ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಆರಂಭಿಸಿದರೆ ಇಡೀ ಗಾಡಿ ತೋಯ್ದು ಕಳ್ಳ ಯಾರೆಂದು ತಿಳಿಯದು. ಒಂದೊಂದು ಜಾಗಕ್ಕೂ ಹತ್ತು ನಿಮಿಷ ಕೊಡಿ. ನೀರು ಬಂದ ದಾರಿ ಪೌಡರಿನಲ್ಲಿ ಗೆರೆಯಾಗಿ ಮೂಡುತ್ತದೆ. ಗಾಡಿ ತೊಳೆಯುವವರ ರಭಸದ ಯಂತ್ರ ಮಾತ್ರ ಬೇಡ. ಅದು ಒಳ್ಳೆಯ ರಬ್ಬರನ್ನೂ ದಾಟಿ ನುಗ್ಗಿ ಸುಳ್ಳು ಸಾಕ್ಷಿ ಹೇಳುತ್ತದೆ.

ಒಳಗೆ ಕಂಡ ನೀರೆಲ್ಲ ಸೋರಿಕೆಯೂ ಅಲ್ಲ. ನಾಲ್ಕು ಜನ ಬಾಗಿಲು ಮುಚ್ಚಿ ರಾತ್ರಿ ಮಲಗಿದರೆ ಉಸಿರಿನ ತೇವವೇ ತಣ್ಣನೆಯ ತಗಡಿಗೆ ತಾಗಿ ಹನಿಯಾಗುತ್ತದೆ. ಮಳೆಯಿಲ್ಲದ ಬೆಳಿಗ್ಗೆಯೂ ಗಾಜು, ಚಾವಣಿ ಒದ್ದೆಯಾಗಿದ್ದರೆ ಅದು ಇದೇ. ಎದುರುಬದುರಿನ ಎರಡು ಕಿಟಕಿಯನ್ನು ಬೆರಳಿನಷ್ಟು ತೆರೆದಿಟ್ಟರೆ ಸಾಕು.

ಎರಡನೆಯದು, ನೀರು ಹೋಗುವ ದಾರಿಗಳನ್ನು ತೆರೆದಿಡುವುದು. ಬಾಗಿಲುಗಳ ಕೆಳ ಅಂಚಿನಲ್ಲಿ ತೂತುಗಳಿರುತ್ತವೆ. ಜಾರುವ ಕಿಟಕಿಯ ಚೌಕಟ್ಟಿನಲ್ಲಿ ಇರುತ್ತವೆ. ಎದುರಿನ ಗಾಜಿನ ಬುಡದಲ್ಲಿರುವ ದೋಣಿಯಲ್ಲಿ ಎಲೆ, ಹೂವು, ಮಣ್ಣು ಸೇರಿ ಕಟ್ಟಿಕೊಳ್ಳುತ್ತದೆ. ಮರದಡಿ ನಿಲ್ಲಿಸುವವರಂತೂ ವಾರಕ್ಕೊಮ್ಮೆ ನೋಡಬೇಕು. ತೂತು ಬಿಡಿಸಲು ಕಬ್ಬಿಣದ ತಂತಿ ಬೇಡ. ಬಣ್ಣ ಕೆರೆದರೆ ಅಲ್ಲಿಂದಲೇ ತುಕ್ಕು ಹತ್ತುತ್ತದೆ. ತೆಂಗಿನ ಪೊರಕೆಯ ಒಂದು ಕಡ್ಡಿ ಈ ಕೆಲಸಕ್ಕೆ ಹೇಳಿಮಾಡಿಸಿದ್ದು.

ಮೂರನೆಯದು ಅಂಟಿನ ವಿಚಾರ. ಅಂಟು ಬೇಡವೇ ಬೇಡ ಎಂದಲ್ಲ. ಗಾಡಿಯ ಚಾವಣಿಗೆ ಹೆಂಚಿನಷ್ಟು ಇಳಿಜಾರಿಲ್ಲ, ಮೇಲಾಗಿ ಅದು ರಸ್ತೆಯಲ್ಲಿ ಕುಲುಕುತ್ತದೆ. ಆದರೆ ಯಾವ ಜಾಗಕ್ಕೆ ಯಾವುದು ಎಂಬ ವಿವೇಕ ಬೇಕು. ಹಚ್ಚುವಾಗ ವಿನಿಗರಿನ ವಾಸನೆ ಬರುವ ಸಿಲಿಕೋನಿನಿಂದ ಹುಳಿಯ ಆಮ್ಲ ಹೊರಬರುತ್ತದೆ; ಬರಿಯ ಉಕ್ಕಿಗೆ ಅದು ತಾಗಿದರೆ ತುಕ್ಕು ಹಿಡಿಯುತ್ತದೆ. ಅದರ ಮೇಲೆ ಬಣ್ಣ ನಿಲ್ಲದು, ಬೇರೆ ಅಂಟೂ ಕೂರದು. ನಲ್ಲಿಗೆ ಮೆತ್ತುವ ಎಪಾಕ್ಸಿ ಮುದ್ದೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅಲುಗಾಡುವ ಸಂದಿಗೆ ಅದು ಸಲ್ಲದು. ಸಂದು ಅಲುಗುವುದೆಷ್ಟು ಎನ್ನುವಿರಾ? ನಾಲ್ಕು ಮೀಟರು ಉದ್ದದ ಉಕ್ಕಿನ ಚಾವಣಿ ರಾತ್ರಿಯ ತಂಪಿನಿಂದ ಮಧ್ಯಾಹ್ನದ ಬಿಸಿಗೆ 45 ಡಿಗ್ರಿ ಕಾದರೆ ಸುಮಾರು 2 ಮಿಲಿಮೀಟರು ಹಿಗ್ಗುತ್ತದೆ. ಅಲ್ಯುಮಿನಿಯಮ್ ಆದರೆ ಹೆಚ್ಚುಕಡಿಮೆ ಅದರ ಇಮ್ಮಡಿ. ದಿನವೂ ಹಿಗ್ಗಿ ಕುಗ್ಗುವ ಜಾಗಕ್ಕೆ ತಾನೂ ಹಿಗ್ಗಿ ಕುಗ್ಗುವ ಅಂಟೇ ಬೇಕು.

ಆದುದರಿಂದ, ಕಿಂಡಿ ಅಥವಾ ಕಿಟಕಿಯ ಚೌಕಟ್ಟಿನ ಅಡಿಗೆ ಬ್ಯೂಟೈಲ್ ಪಟ್ಟಿ ಒಳ್ಳೆಯದು. ಅದು ಕಣಕದಂತೆ ಮೆತ್ತಗಿದ್ದು ವರ್ಷಗಟ್ಟಲೆ ಗಟ್ಟಿಯಾಗುವುದಿಲ್ಲ. ಸ್ಕ್ರೂ ಬಿಗಿದಾಗ ಸುತ್ತಲೂ ಉಬ್ಬಿ ಬರುತ್ತದೆ. ಕೆಲವು ದಿನ ಬಿಟ್ಟು ಇನ್ನೊಮ್ಮೆ ಮೆಲ್ಲಗೆ ಬಿಗಿದು, ಹೊರಬಂದದ್ದನ್ನು ಮರದ ಚೂರಿನಿಂದ ಕತ್ತರಿಸಬೇಕು. ತಗಡಿನ ಸಂದುಗಳಿಗೆ ಗಾಡಿಯ ಕೆಲಸಕ್ಕೆಂದೇ ಬರುವ ಪಾಲಿಯುರೆಥೇನ್ ಸೀಲಂಟು ಸರಿ. ಅದರ ಮೇಲೆ ಬಣ್ಣ ಹಚ್ಚಿದರೆ ಬಿಸಿಲಿನಿಂದ ಕಾಪಾಡಿದಂತಾಗುತ್ತದೆ. ಯಾವುದನ್ನು ಹಚ್ಚುವುದಾದರೂ ಹಳೆಯದನ್ನು ಪೂರ್ತಿ ಕೆರೆದು, ಒರಸಿ, ಒಣಗಿಸಿದ ಮೇಲೆಯೇ. ಹಳೆಯದರ ಮೇಲೆ ಹೊಸದನ್ನು ಬಳಿಯುವುದು ಬೆವರಿನ ಮೇಲೆ ಅತ್ತರು ಹಚ್ಚಿದಂತೆ. ನಾನು ಮೆತ್ತಿದ ಸಿಲಿಕೋನನ್ನು ಕೆರೆದು ತೆಗೆಯಲು ಭಾವನವರಿಗೂ ನನಗೂ ನಾಲ್ಕು ಭಾನುವಾರ ಹಿಡಿದುವು. “ಹಚ್ಚುವಾಗ ಒಂದು ಮಾತು ಕೇಳಬಾರದಿತ್ತೇ?” ಎಂದು ಅವರು ಪ್ರತಿ ಭಾನುವಾರವೂ ಕೇಳಿದರು, ನಾನು ಪ್ರತಿ ಭಾನುವಾರವೂ ಚಹಾ ಮಾಡಿಕೊಟ್ಟೆ.

ನಾಲ್ಕನೆಯದು ರಬ್ಬರು. ಬಾಗಿಲಿನ ಸುತ್ತಲಿನ ಪಟ್ಟಿ ಸರಿಯಿದೆಯೇ ಎಂದು ನೋಡಲು ಒಂದು ಹಳೆಯ ಕಾಗದದ ಚೂರು ಸಾಕು. ಅದನ್ನಿಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ. ಜಾರಿ ಬಂದರೆ ಆ ಜಾಗದಲ್ಲಿ ರಬ್ಬರು ಸೋತಿದೆ. ವರ್ಷಕ್ಕೆರಡು ಸಲ ಸಾಬೂನಿನ ನೀರಿನಲ್ಲಿ ಒರಸಿ, ಒಣಗಿದ ಮೇಲೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿದರೆ ರಬ್ಬರು ಬೇಗ ಸೀಳುವುದಿಲ್ಲ. ಎಂಜಿನ್ ಎಣ್ಣೆ, ಡೀಸೆಲು, ಪೆಟ್ರೋಲು ತಾಗಿಸಬಾರದು. ರಬ್ಬರು ಉಬ್ಬಿ ಕೆಡುತ್ತದೆ.

ಐದನೆಯದು ನೆಲ. ಇದನ್ನು ದಯವಿಟ್ಟು ಮರೆಯಬೇಡಿ. ವರ್ಷಕ್ಕೆರಡು ಸಲ ಮ್ಯಾಟು ಎತ್ತಿ ಕೈಯಿಂದ ಮುಟ್ಟಿ ನೋಡಬೇಕು. ಹಲಗೆಯ ನೆಲವಾದರೆ ಬೆರಳಿನ ಗೆಣ್ಣಿನಿಂದ ತಟ್ಟಿ. ಗಟ್ಟಿ ಸದ್ದು ಬರುವಲ್ಲಿ ಮರ ಚೆನ್ನಾಗಿದೆ, ಬದ್ದು ಸದ್ದು ಬರುವಲ್ಲಿ ಕೊಳೆತಿದೆ. ತಗಡಿನಲ್ಲಿ ತುಕ್ಕು ಕಂಡರೆ ಅದರ ಮೇಲೆ ಕಪ್ಪು ಡಾಂಬರಿನ ಲೇಪ ಬಳಿದು ಕೈತೊಳೆದುಕೊಳ್ಳಬೇಡಿ. ಲೇಪದಡಿ ಸಿಕ್ಕಿದ ತೇವ ತಗಡನ್ನು ಗುಟ್ಟಾಗಿ ತಿನ್ನುತ್ತದೆ. ಕೆಟ್ಟ ತಗಡನ್ನು ಕತ್ತರಿಸಿ ತೆಗೆದು, ಹೊಸದನ್ನು ವೆಲ್ಡಿಂಗ್ ಮಾಡಿಸಿ, ಸತುವಿನ ಪ್ರೈಮರು, ಸಂದಿಗೆ ಸೀಲಂಟು, ಆಮೇಲೆ ಲೇಪ, ಇದು ಕ್ರಮ. ಸೀಟು, ಬೆಲ್ಟುಗಳ ಬುಡದಲ್ಲಿ ದಪ್ಪ ತಗಡಿನ ಬಲವೂ ಇರಬೇಕು. ಪುಟ್ಟಿ ತುಂಬಿ ಬಣ್ಣ ಹೊಡೆದು ಕೊಡುತ್ತೇನೆ ಎನ್ನುವವರಿಗೆ ನಮಸ್ಕಾರ ಹೇಳಿ ಹೊರಟುಬಿಡಿ.

ನೆಲದ ತೂತಿನಲ್ಲಿ ಇನ್ನೊಂದು ಅಪಾಯವಿದೆ. ನೀರು ಬರುವ ದಾರಿಯಲ್ಲಿ ಎಂಜಿನ್ನಿನ ಹೊಗೆಯೂ ಬರಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಎಬ್ಬಿಸದೆಯೇ ಪ್ರಾಣ ತೆಗೆಯುತ್ತದೆ. ತಂಪಿಗೆಂದು ಎಂಜಿನ್ ಚಾಲೂ ಇಟ್ಟು ಮುಚ್ಚಿದ ಗಾಡಿಯಲ್ಲಿ ಎಂದೂ ಮಲಗಬಾರದು. ಬೆಚ್ಚಗಾಗಲು ಒಳಗೆ ಒಲೆ ಹಚ್ಚಿಡುವುದೂ ಅಷ್ಟೇ ಕೆಟ್ಟದ್ದು.

ಕರಾವಳಿಯವರಾದ ನಮಗೆ ಉಪ್ಪಿನ ಕಾಟ ಬೇರೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ನಡುವಿನ ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸದೆ ಯಾರು ಮುಂದೆ ಹೋದಾರು? ನಿಲ್ಲಿಸಿ, ನೋಡಿ, ಸಂತೋಷಪಡಿ. ಮನೆ ಸೇರಿದ ಮೇಲೆ ಗಾಡಿಯ ಅಡಿಯನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿಸಿ.

ತಿಂಗಳುಗಟ್ಟಲೆ ನಿಲ್ಲುವ ಗಾಡಿಗೆ ಓಡುವ ಗಾಡಿಗಿಂತ ಹೆಚ್ಚು ಆರೈಕೆ ಬೇಕು. ಪ್ಲಾಸ್ಟಿಕ್ ತಾಡಪಾಲು ಬಿಗಿದು ಮುಚ್ಚಿದರೆ ಒಳಗೆ ತೇವ ಕಟ್ಟುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ ಮೇಲು. ಚಾವಣಿಯಲ್ಲಿ ನೀರು ನಿಲ್ಲದಂತೆ ಸ್ವಲ್ಪ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಟೈರು ಸವೆದಿಲ್ಲವೆಂದು ನಂಬಬೇಡಿ. ನಿಂತಲ್ಲೇ ಅದಕ್ಕೆ ವಯಸ್ಸಾಗುತ್ತದೆ. ಅದರ ಪಕ್ಕದಲ್ಲಿ ನಾಲ್ಕು ಅಂಕೆ ಒತ್ತಿರುತ್ತಾರೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ಮಾಡಿದ್ದೆಂದು ಅರ್ಥ. ಐದು ವರ್ಷ ಕಳೆದದ್ದನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಿ. ಹತ್ತು ವರ್ಷ ಕಳೆದದ್ದನ್ನು, ನೋಡಲು ಹೊಸದರಂತಿದ್ದರೂ, ಇಟ್ಟುಕೊಳ್ಳಬೇಡಿ.

ಇಷ್ಟನ್ನೂ ನೆನಪಿಡುವುದು ಹೇಗೆ? ನಾವು ಪಂಚಾಂಗದ ಮೊರೆಹೊಕ್ಕಿದ್ದೇವೆ. ಯುಗಾದಿಗೆ ಚಾವಣಿ ಹತ್ತಿ ಸಂದು, ವಾಷರು ನೋಡುವುದು, ನೀರು ಬಿಟ್ಟು ಪರೀಕ್ಷಿಸುವುದು. ಮೃಗಶಿರಕ್ಕೆ ಮೊದಲು ತೂತು ಬಿಡಿಸುವುದು, ರಬ್ಬರು ಸವರುವುದು. ಚೌತಿಯ ಪ್ರಯಾಣ ಮುಗಿಸಿ ಬಂದೊಡನೆ ಅಡಿ ತೊಳೆಸುವುದು. ದೀಪಾವಳಿಗೆ ಮ್ಯಾಟು ಎತ್ತಿ ನೆಲ ಒಣಗಿಸುವುದು. ಹಬ್ಬ ಮರೆಯುವವರು ನಮ್ಮಲ್ಲಿ ಯಾರೂ ಇಲ್ಲವಾದ್ದರಿಂದ ಕೆಲಸವೂ ಮರೆಯುವುದಿಲ್ಲ.

ಗಾಡಿಯ ನೆಲ ಈಗ ಹೊಸದಾಗಿದೆ. ಬೆಲ್ಟಿನ ಬುಡಕ್ಕೆ ದಪ್ಪ ತಗಡು ಕೂತಿದೆ. ಕೆಲಸ ಮುಗಿದ ದಿನ ಭಾವನವರೂ ನಾನೂ ಸೇರಿ ಜಗ್ಗಿ ನೋಡಿದೆವು, ಅಲುಗಲಿಲ್ಲ. ಮಾರಿಬಿಡೋಣವೇ ಎಂದು ನಡುವೆ ಯೋಚಿಸಿದ್ದುಂಟು. ಆದರೆ ಅಮ್ಮ ಊರಿಗೆ ಹೋಗುವುದು ಹೇಗೆ? ಕಳೆದ ಭಾನುವಾರ ಯುಗಾದಿಯ ಪರೀಕ್ಷೆ ನಡೆಯಿತು. ನಾನು ಪೈಪು ಹಿಡಿದೆ. ಒಳಗೆ ಟಾರ್ಚು ಹಿಡಿದು ಕೂತವಳು ಮೊಮ್ಮಗಳು. ಕಿಟಕಿಯ ಕೆಳಗಿನ ತೂತಿನಿಂದ ನೀರು ಸಣ್ಣ ಧಾರೆಯಾಗಿ ಹೊರಗೆ ಬೀಳುವುದನ್ನು ಗಾಜಿನ ಮೂಲಕ ಕಂಡು ಅವಳು ಗಾಬರಿಯಿಂದ, “ಅಜ್ಜಾ, ಇಲ್ಲಿ ಸೋರುತ್ತದೆ!” ಎಂದು ಕೂಗಿದಳು.

ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ ಅಮ್ಮ ನಕ್ಕು, “ಅದು ಸೋರುವುದಲ್ಲ ಪುಟ್ಟಿ, ಹೋಗುವುದು. ಹೋಗಲಿ ಬಿಡು” ಎಂದರು.

ತಮ್ಮ ಗಾಡಿಯ ಮ್ಯಾಟನ್ನು ಈ ಭಾನುವಾರವೇ ಒಮ್ಮೆ ಎತ್ತಿ ನೋಡುವಿರಾಗಿ ನಂಬಿದ್ದೇನೆ. ಎಲ್ಲರಿಗೂ ಯುಗಾದಿಯ ಶುಭಾಶಯಗಳು.